ಕಿತ್ತ ಕಾಯಿ, ಆಯ್ದ ಕಾಯಿ



ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದ ಕಾಲದಲ್ಲಿ ಇಂಗ್ಲಿಷು ಬಲ್ಲವನೆಂಬ ಕೀರ್ತಿ ನಮ್ಮ ಬೀದಿಗೆಲ್ಲ ನನ್ನೊಬ್ಬನಿಗೇ ಇದ್ದುದರಿಂದ, ಆ ಭಾಷೆಯ ಕಾಗದ ಯಾರ ಮನೆಗೆ ಬಂದರೂ ಅದು ಮೊದಲು ನಮ್ಮ ಜಗಲಿಯನ್ನು ಹತ್ತಿ, ನನ್ನಿಂದ ಅರ್ಥ ಹೇಳಿಸಿಕೊಂಡು, ಆಮೇಲೆಯೇ ತನ್ನ ವಿಳಾಸದಾರನ ವಶವಾಗುತ್ತಿತ್ತು. ಒಂದು ದಿನ ನೆರೆಮನೆಯ ಯಜಮಾನರು ಅಂಥದೊಂದು ಕಾಗದವನ್ನು ತಂದು, "ಏನಂತೆ ನೋಡಪ್ಪ" ಎಂದು ನನ್ನ ಮುಂದೆ ಹಿಡಿದರು. ಅವರ ಮಗ ಬೆಂಗಳೂರಿನಲ್ಲಿ ಗುಮಾಸ್ತೆಯ ಕೆಲಸಕ್ಕೆ ಅರ್ಜಿ ಹಾಕಿ ಆರು ತಿಂಗಳಿಂದ ಕಾದಿದ್ದನು. ಅಂದು ಅವನು ಊರಿನಲ್ಲಿರಲಿಲ್ಲ, ಅಕ್ಕನ ಮನೆಗೆ ಹೋಗಿದ್ದನು. ಕಾಗದ ಬರೆದಿದ್ದವರು ಬೆಂಗಳೂರಿನಲ್ಲಿ ಅವರಿಗೆ ಪರಿಚಿತರಾಗಿದ್ದ ಪರಭಾಷೆಯ ಅಧಿಕಾರಿಯೊಬ್ಬರು. ಹುಡುಗ ಸೋಮವಾರ ಬರಲಿ, ಸ್ಟೇಷನ್ನಿನಲ್ಲಿ ನಮ್ಮ ಜನ ಅವನನ್ನು ‘ಪಿಕ್ ಅಪ್’ ಮಾಡುತ್ತಾರೆ, ಎಂದಿಷ್ಟೇ ಅದರ ಸಾರ. ನಾನು ಆ ಮಾತನ್ನು ಎರಡು ಸಲ ಓದಿ, ಗಂಟಲನ್ನು ಸರಿಪಡಿಸಿಕೊಂಡು, "ಸ್ಟೇಷನ್ನಿನಲ್ಲೇ ಆರಿಸಿಕೊಂಡುಬಿಡುತ್ತಾರಂತೆ" ಎಂದೆನು.

ಕಚೇರಿಗೆ ಬರುವವರೆಗೂ ಕಾಯದೆ ರೈಲ್ವೆ ಪ್ಲಾಟ್‌ಫಾರಮ್ಮಿನ ಮೇಲೆಯೇ ಗುಮಾಸ್ತೆಯನ್ನು ಆರಿಸಿಕೊಳ್ಳುವಂಥ ಅವಸರ ಯಾವ ಸರ್ಕಾರಕ್ಕಾದರೂ ಇದ್ದೀತೆ ಎಂಬ ಸಂದೇಹ ಆಗ ನನಗಾಗಲಿ ಅವರಿಗಾಗಲಿ ಹುಟ್ಟಲಿಲ್ಲ. ಆ ಸಂಜೆ ಬೀದಿಯ ಮನೆಮನೆಗೂ ಬೆಲ್ಲ ಕೊಬ್ಬರಿ ಹಂಚಿಯಾಯಿತು. ಹುಡುಗ ಹೊಸ ಅಂಗಿ ಹೊಲಿಸಿಕೊಂಡು ತಿಪಟೂರು ಸ್ಟೇಷನ್ನಿನಲ್ಲಿ ರೈಲು ಹತ್ತಿದನು. ಬೆಂಗಳೂರಿನಲ್ಲಿ ಇಳಿದಾಗ ಯಾರೋ ಪುಣ್ಯಾತ್ಮರು ಅವನನ್ನು ಜಟಕಾಬಂಡಿಗೆ ಹತ್ತಿಸಿಕೊಂಡು ಅಧಿಕಾರಿಗಳ ಮನೆಗೆ ಮುಟ್ಟಿಸಿದರು. ಪರೀಕ್ಷೆಯೊಂದನ್ನು ಕೊಟ್ಟು, ಫಲಿತಾಂಶವಿನ್ನೂ ತಿಳಿಯದೆ, ನಾಲ್ಕನೆಯ ದಿನ ಅವನು ಮರಳಿ ಬಂದನು. ಯಜಮಾನರು ನನ್ನನ್ನು ಬೈಯಲಿಲ್ಲ. ಜಗಲಿಯ ಕಂಬಕ್ಕೆ ಒರಗಿ ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, "ಉದ್ಧಾರ ಮಾಡಿದೆ ಕಣಪ್ಪ ನಮ್ಮನ್ನ" ಎಂದಷ್ಟೇ ಹೇಳಿ ಎದ್ದು ಹೋದರು.

ಆಮೇಲೆ ನಾನು ಅದೇ ಇಂಗ್ಲಿಷನ್ನು ಮಕ್ಕಳಿಗೆ ಪಾಠ ಹೇಳುವ ವೃತ್ತಿಯನ್ನೇ ಹಿಡಿದು ಕೂದಲು ನೆರೆಸಿಕೊಂಡೆನಾದರೂ, ಆ ಎರಡು ತುಂಡು ಮಾತು ನನ್ನ ಬೆನ್ನು ಬಿಟ್ಟಿಲ್ಲ. ಇಂದಿನ ನನ್ನ ರೇಡಿಯೋ ಭಾಷಣಕ್ಕೆ ಅದೇ ವಿಷಯ.

ನಿಘಂಟು ನೋಡದೆ ಹೇಳಿದ ತಪ್ಪೇ ಎಂದರೆ ಹಾಗೂ ಅಲ್ಲ. ‘ಪಿಕ್’ ಎಂದರೆ ಆಯು, ಆರಿಸು, ಕೀಳು. ‘ಅಪ್’ ಎಂದರೆ ಮೇಲೆ. ಎರಡನ್ನೂ ಕೂಡಿಸಿದರೆ ಏನಾಗಬೇಕೋ ಅದನ್ನೇ ನಾನು ಹೇಳಿದ್ದೆನು. ಇಂಗ್ಲಿಷಿನ ಈ ಜಾತಿಯ ಮಾತುಗಳ ಸ್ವಭಾವವೇ ಇದು: ಬಿಡಿಬಿಡಿಯಾಗಿ ನೋಡಿದರೆ ಎರಡೂ ಮೂರನೆಯ ಕ್ಲಾಸಿನ ಹುಡುಗನಿಗೂ ಗೊತ್ತಿರುವ ಶಬ್ದಗಳು, ಕೂಡಿದೊಡನೆ ಪಂಡಿತನಿಗೂ ಕೈಕೊಡುವಂಥ ಮೂರನೆಯದೊಂದು ಅರ್ಥ ಅಲ್ಲಿ ಎದ್ದು ನಿಲ್ಲುತ್ತದೆ. ಕಠಿನವಾದ ಶಬ್ದಕ್ಕೆ ಹೆದರಿ ನಾವು ನಿಘಂಟನ್ನು ತೆರೆಯುತ್ತೇವೆ. ಸುಲಭವಾದ ಶಬ್ದವನ್ನು ನಂಬಿ ಕೆಡುತ್ತೇವೆ.

ಡಾಕ್ಟರ್ ಜಾನ್ಸನ್ನನು 1755ರಲ್ಲಿ ತನ್ನ ಮಹಾನಿಘಂಟನ್ನು ಪ್ರಕಟಿಸಿದಾಗ ಅದರ ಪೀಠಿಕೆಯಲ್ಲಿಯೇ ಈ ಸಂಗತಿಯನ್ನು ಎತ್ತಿ, ಕ್ರಿಯಾಪದಕ್ಕೆ ಒಂದು ಪುಟ್ಟ ಅವ್ಯಯ ಸೇರಿ ಅರ್ಥವೇ ಮಾರ್ಪಡುವ ಈ ಕ್ರಮವು ಪರದೇಶೀಯರಿಗೆ ಎಲ್ಲಕ್ಕಿಂತ ಹೆಚ್ಚಿನ ಕ್ಲೇಶವನ್ನು ಕೊಡುವುದೆಂದೂ, ಆದಕಾರಣ ಅಂಥವುಗಳನ್ನು ತಾನು ಶ್ರಮಪಟ್ಟು ಸಂಗ್ರಹಿಸಿರುವೆನೆಂದೂ ಒಪ್ಪಿಕೊಂಡಿದ್ದಾನೆ. ಇವುಗಳಿಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಅಚ್ಚಿನಲ್ಲಿ ಬಂದದ್ದು ಬಹಳ ತಡವಾಗಿ. 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ಎಂಬ ವಿದ್ವಾಂಸರು ತಮ್ಮ ಗ್ರಂಥವೊಂದರಲ್ಲಿ ಅದನ್ನು ಬಳಸಿ, ಹೆಸರಿಟ್ಟ ಹಿರಿಮೆ ಆಕ್ಸ್‌ಫರ್ಡ್ ನಿಘಂಟಿನ ಹೆನ್ರಿ ಬ್ರಾಡ್ಲಿಯವರದೆಂದು ಹೇಳಿದರು. ನಾವು ಕನ್ನಡದಲ್ಲಿ ‘ಪದಪುಂಜ ಕ್ರಿಯೆ’ ಎಂದೋ ‘ನುಡಿಗಟ್ಟಿನ ಧಾತು’ ಎಂದೋ ಹೇಳಿಕೊಳ್ಳಬಹುದು. ಹೆಸರಿಟ್ಟ ಮಾತ್ರಕ್ಕೆ ಮಗು ಸಾಧುವಾಗುವುದಿಲ್ಲ.

ಇನ್ನು ನಮ್ಮ ತೋಟಕ್ಕೆ ಬರೋಣ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಹುಟ್ಟಿದವನಿಗೆ ‘ಪಿಕ್’ ಎಂಬುದಕ್ಕೂ ‘ಪಿಕ್ ಅಪ್’ ಎಂಬುದಕ್ಕೂ ಇರುವ ಅಂತರವನ್ನು ಯಾವ ವ್ಯಾಕರಣವೂ ತೋರಿಸಲಾರದಷ್ಟು ಸ್ಪಷ್ಟವಾಗಿ ತೆಂಗಿನ ಮರವೇ ತೋರಿಸಬಲ್ಲದೆಂದು ನನಗೆ ಹೊಳೆಯುವ ವೇಳೆಗೆ ನಾನು ಮೇಷ್ಟರಾಗಿ ಹತ್ತು ವರ್ಷವಾಗಿತ್ತು. ಕಾಯಿ ಕೀಳಿಸುವ ದಿನ, ಬಿಸಿಲೇರುವ ಮುಂಚೆ, ಒಬ್ಬನು ಮರದ ತುದಿಯನ್ನು ಹತ್ತಿ ಗರಿಗಳ ನಡುವೆ ಕುಳಿತು, ಎಳೆಯದನ್ನು ಬಿಟ್ಟು ಬಲಿತ ಗೊನೆಯನ್ನೇ ನೋಡಿ ಕತ್ತಿ ಹಾಕುತ್ತಾನೆ. ಇಲ್ಲವೆ ನೆಲದ ಮೇಲೆ ನಿಂತು, ತುದಿಗೆ ಕುಡುಗೋಲು ಕಟ್ಟಿದ ಉದ್ದನೆಯ ಬಿದಿರ ದೋಟಿಯಿಂದ ತೊಟ್ಟನ್ನು ಸೆಳೆಯುತ್ತಾನೆ. ಇದು ‘ಪಿಕ್’. ಇಲ್ಲಿ ಆಯ್ಕೆಯಿದೆ, ತೊಟ್ಟಿನಿಂದ ಬಿಡಿಸುವ ಬಲವಿದೆ. ಕಾಯಿ ದೊಪ್ಪದೊಪ್ಪನೆ ಬಿದ್ದು, ಬದುವಿಗೆ ತಾಕಿ, ಹುರುಳಿಯ ಸಾಲಿನೊಳಕ್ಕೆ ಉರುಳಿ, ಕೆಲವು ನೀರಿನ ಕಾಲುವೆಗೂ ಇಳಿಯುತ್ತವೆ. ಆಗ ಹೆಂಗಸರೂ ಮಕ್ಕಳೂ ಮಂಕರಿ ಹಿಡಿದು, ಬಗ್ಗಿ, ಒಂದೊಂದನ್ನೇ ಕೈಗೆತ್ತಿ ತುಂಬುತ್ತಾರೆ. ಇದು ‘ಪಿಕ್ ಅಪ್’. ಇಲ್ಲಿ ಆಯ್ಕೆಯ ಮಾತೇ ಇಲ್ಲ, ಬಿದ್ದದ್ದೆಲ್ಲ ಮಂಕರಿಗೆ. ಕೀಳುವವನು ಮರದ ಮೇಲೆಯೇ ಕುಳಿತಿದ್ದರೂ ಅವನ ಕೆಲಸಕ್ಕೆ ‘ಅಪ್’ ಇಲ್ಲ. ನೆಲಕ್ಕೆ ಬಗ್ಗಿದವಳ ಕೆಲಸಕ್ಕೆ ‘ಅಪ್’ ಉಂಟು. ಬಿದ್ದಲ್ಲಿಂದ ಎದ್ದು ಮತ್ತೊಬ್ಬರ ವಶಕ್ಕೆ ಬಂದದ್ದೇ ಆ ‘ಅಪ್’ ಎಂಬುದರ ತಿರುಳು.

ನಮ್ಮ ಆಡುಮಾತಿನ ‘ಆಯು’ ಎಂಬ ಧಾತುವೂ ಈ ಎರಡು ಕೆಲಸಕ್ಕೂ ಒದಗುತ್ತದೆಂಬುದನ್ನು ಇಲ್ಲಿ ಹೇಳಬೇಕು. ಅಕ್ಕಿಯಲ್ಲಿ ಕಲ್ಲು ಆಯುವಾಗ ಅದು ಆರಿಸುವುದು. ತೋಟದಲ್ಲಿ ಬಿದ್ದ ಕಾಯಿ ಆಯುವಾಗ ಅದು ಕೂಡಿಸುವುದು. ಸಭೆಗೆ ಸದಸ್ಯರನ್ನು ಆಯುವಾಗ ಮತ್ತೆ ಆರಿಸುವುದು. ನನ್ನ ತಪ್ಪಿಗೆ ಮೂಲ ಇದೇ. ಎರಡು ಭಾಷೆಗಳಲ್ಲಿಯೂ ಕವಲೊಡೆದ ಶಬ್ದಗಳಿದ್ದುವು. ನಾನು ತಪ್ಪು ಕವಲಿನಿಂದ ತಪ್ಪು ಕವಲಿಗೆ ಹಲಗೆ ಹಾಕಿ ದಾಟಿದೆನು.

ಆದರೆ ಕಾಯಿ ಆಯುವುದು ಈ ಮಾತಿನ ಹೊಸ್ತಿಲು ಮಾತ್ರ. ಒಮ್ಮೆ ನಾನು ತರಗತಿಯಲ್ಲಿ, ಮಕ್ಕಳಿಗೆ ಪರಿಚಿತವಾದ ಜಗತ್ತಿನಿಂದಲೇ ಉದಾಹರಣೆ ತೆಗೆಯಬೇಕೆಂಬ ಸದುದ್ದೇಶದಿಂದ, ಮಾರುಕಟ್ಟೆಯಲ್ಲಿ ಕೊಬ್ಬರಿ ವ್ಯಾಪಾರ ‘ಪಿಕ್ ಅಪ್’ ಆಗುತ್ತಿದೆ ಎಂಬ ಅರ್ಥದ ಇಂಗ್ಲಿಷು ವಾಕ್ಯವನ್ನೂ, ಮಲೆನಾಡಿಗೆ ಹೋಗಿದ್ದವನೊಬ್ಬನು ಅಲ್ಲಿ ಮಲೇರಿಯಾ ‘ಪಿಕ್ ಅಪ್’ ಮಾಡಿದನೆಂಬ ವಾಕ್ಯವನ್ನೂ ಕೊಟ್ಟು ಕನ್ನಡಕ್ಕೆ ತಿರುಗಿಸಿರೆಂದೆನು. ಮಂಡಿಯಲ್ಲಿಯೇ ಆಡಿ ಬೆಳೆದ ದಲ್ಲಾಳಿಯ ಮಗನೊಬ್ಬನು ಬರೆದನು: "ಕೊಬ್ಬರಿ ವ್ಯಾಪಾರವು ಮೇಲಕ್ಕೆ ಆರಿಸುತ್ತಾ ಇದೆ. ಅವನು ಮಲೆನಾಡಿನಲ್ಲಿ ಮಲೇರಿಯಾವನ್ನು ಆರಿಸಿ ಮೇಲೆತ್ತಿದನು." ನಾನು ನಕ್ಕೆನು, ನಕ್ಕ ಮರುಗಳಿಗೆಯಲ್ಲಿಯೇ ಬೆಲ್ಲ ಕೊಬ್ಬರಿಯ ನೆನಪಾಗಿ ಬಾಯಿ ಮುಚ್ಚಿದೆನು. ಅವನನ್ನೇ ಕರೆದು, "ನಿಮ್ಮ ಮಂಡಿಗೆ ಹೋಗಿ ಈ ಮಾತನ್ನೇ ನಿಮ್ಮಪ್ಪನಿಗೆ ಹೇಳಬೇಕಾದರೆ ಹೇಗೆ ಹೇಳುತ್ತೀಯಯ್ಯ?" ಎಂದು ಕೇಳಿದೆನು. ಹುಡುಗ ಕ್ಷಣವೂ ತಡೆಯದೆ, "ರೇಟು ಚೇತರಿಸ್ಕೊಂತು ಅಂತೀನಿ, ಸಾರ್" ಎಂದನು. "ಮಲೇರಿಯಾ?" "ಜ್ವರ ಅಂಟಿಸ್ಕೊಂಡು ಬಂದ."

ಆ ಎರಡು ಉತ್ತರಗಳನ್ನು ಕಪ್ಪುಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು, ನನಗೂ ಉತ್ಸಾಹ ಬಂದು, ‘ಪಿಕ್ ಅಪ್’ ಬರುವ ವಾಕ್ಯಗಳನ್ನು ಒಂದಾದಮೇಲೊಂದು ಹೇಳುತ್ತ ಹೋದೆನು; ತರಗತಿಯು ತನ್ನ ಮನೆಮಾತಿನಲ್ಲಿ ಉತ್ತರ ಕೊಡುತ್ತ ಹೋಯಿತು. ಹೆಂಗಸು ಬಿದ್ದ ಕಾಯಿ ಆಯ್ದುಕೊಂಡಳು. ಬಸ್ಸು ಬಾಣಸಂದ್ರದ ಹತ್ತಿರ ಇಬ್ಬರನ್ನು ಹತ್ತಿಸಿಕೊಂಡಿತು. ತಾಯಿ ಅಳುವ ಮಗುವನ್ನು ಎತ್ತಿಕೊಂಡಳು. ಹಮಾಲಿಯು ಗುಜರಾತಿನ ಸಾಹುಕಾರನ ಜೊತೆ ಓಡಾಡಿ ಹಿಂದಿ ಕಲಿತುಕೊಂಡ. ಕಥೆ ಹೇಳುತ್ತಿದ್ದವನು ಊಟವಾದಮೇಲೆ ಬಿಟ್ಟ ಎಳೆಯನ್ನು ಹಿಡಿದುಕೊಂಡ. ಪೊಲೀಸರು ಜೂಜಾಡುತ್ತಿದ್ದವರನ್ನು ಎತ್ತಾಕ್ಕೊಂಡು ಹೋದರು. ಜಾತ್ರೆಯಲ್ಲಿ ಅವನು ಒಳ್ಳೆಯ ಜೋಡಿ ಎತ್ತನ್ನು ಅಗ್ಗಕ್ಕೆ ಕೊಂಡುಕೊಂಡ.

ಹಲಗೆ ತುಂಬಿತು. ಕೈಗಳ ಸೀಮೆಸುಣ್ಣವನ್ನು ಕೊಡವಿ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದೆನು. ಎಡಗಡೆ ಇಂಗ್ಲಿಷಿನ ಸಾಲುಗಳೆಲ್ಲ ‘ಅಪ್, ಅಪ್, ಅಪ್’ ಎನ್ನುತ್ತಿದ್ದುವು. ಬಲಗಡೆ ಕನ್ನಡದ ಸಾಲುಗಳೆಲ್ಲ ‘ಕೊ, ಕೊ, ಕೊ’ ಎನ್ನುತ್ತಿದ್ದುವು. ಆಯು, ಹತ್ತಿಸು, ಎತ್ತು, ಕಲಿ, ಹಿಡಿ, ಚೇತರಿಸು, ಅಂಟಿಸು: ಮೊದಲ ಧಾತು ಸಾಲುಸಾಲಿಗೂ ಬೇರೆ, ಅದರ ಬೆನ್ನ ಮೇಲೆ ಕುಳಿತ ‘ಕೊಳ್ಳು’ ಮಾತ್ರ ಎಲ್ಲ ಕಡೆಯೂ ಒಂದೇ. ಇಂಗ್ಲಿಷಿನವನು ‘ಅಪ್’ ಎಂಬ ತುಣುಕಿಗೆ ಒಪ್ಪಿಸಿದ ಕೆಲಸವನ್ನು ಕನ್ನಡಿಗನು ‘ಕೊಳ್ಳು’ ಎಂಬ ಧಾತುವಿಗೆ ಒಪ್ಪಿಸಿದ್ದಾನೆ. ‘ಅಪ್’ ಎಂದರೆ ‘ಮೇಲೆ’ ಎಂದು ನಾನು ಓದಿದ್ದೆನು, ಹತ್ತು ವರ್ಷ ಮಕ್ಕಳಿಗೂ ಓದಿಸಿದ್ದೆನು. ಈ ಮಾತಿನಲ್ಲಿ ಅದರ ನಿಜವಾದ ಕನ್ನಡ ‘ಕೊ’ ಎಂಬುದನ್ನು ಹೇಳಿಕೊಟ್ಟವರು ಆ ಮಕ್ಕಳು.

‘ಕೊಳ್ಳು’ ಎಂಬುದರ ಮೂಲಾರ್ಥ ತೆಗೆದುಕೊಳ್ಳು, ಬೆಲೆ ಕೊಟ್ಟು ಪಡೆ, ಎಂಬುದಲ್ಲವೆ? ಅಂಗಡಿಯ ಮಾತು ಅದು. ಅದೇ ಧಾತುವು ಬೇರೊಂದು ಧಾತುವಿನ ಬೆನ್ನೇರಿದೊಡನೆ ಬೆಲೆಯ ಮಾತನ್ನು ಮರೆತು, ಕ್ರಿಯೆಯ ಫಲವು ಮಾಡಿದವನ ಕಡೆಗೇ ತಿರುಗಿತೆಂಬುದನ್ನಷ್ಟೇ ಸೂಚಿಸುತ್ತದೆ. ‘ಅಡಿಗೆ ಮಾಡಿದಳು’ ಎಂದರೆ ಯಾರಿಗೋ ಮಾಡಿರಬಹುದು. ‘ಅಡಿಗೆ ಮಾಡಿಕೊಂಡಳು’ ಎಂದರೆ ತನಗೆ. ಬೆಲೆ ಮರೆತುಹೋದದ್ದು ಎಷ್ಟರಮಟ್ಟಿಗೆಂದರೆ, ನಿಜವಾಗಿ ದುಡ್ಡು ಕೊಟ್ಟು ತರುವಾಗಲೂ ನಮಗೆ ‘ಕೊಂಡನು’ ಎಂಬುದು ಸಾಲದೆ ‘ಕೊಂಡುಕೊಂಡನು’ ಎನ್ನುತ್ತೇವೆ. ಒಂದೇ ಧಾತು ತನ್ನ ಬೆನ್ನನ್ನು ತಾನೇ ಏರುವ ಈ ಸರ್ಕಸ್ಸು ಕನ್ನಡಿಗರ ಬಾಯಿಯಲ್ಲಿ ದಿನವೂ ನಡೆಯುತ್ತಿದ್ದು, ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಸಮೀಕರಣವನ್ನು ಬಹಳ ದೂರ ಎಳೆಯಬಾರದು. ಗಾಳಿ ‘ಪಿಕ್ ಅಪ್’ ಆಯಿತೆಂದು ಇಂಗ್ಲಿಷಿನವನು ಹೇಳುವಲ್ಲಿ ನಾವು ಗಾಳಿ ಜೋರಾಯಿತು ಎನ್ನುತ್ತೇವೆ. ಅಲ್ಲಿ ‘ಕೊ’ಗೆ ಜಾಗವಿಲ್ಲ. ಟೆಲಿಫೋನನ್ನು ಎತ್ತುತ್ತೇವೆ, ಎತ್ತಿಕೊಳ್ಳುವುದಿಲ್ಲ. ಎತ್ತಿಕೊಂಡರೆ ಉಪಕರಣವನ್ನೇ ಕಂಕುಳಲ್ಲಿ ಇಟ್ಟುಕೊಂಡಂತಾಗುತ್ತದೆ. ಈ ಕ್ಷಣದಲ್ಲಿ ನನ್ನ ಮಾತನ್ನು ನಿಮ್ಮ ಮನೆಯ ರೇಡಿಯೋ ಆಕಾಶದಿಂದ ತೆಗೆಯುತ್ತಿರುವ ವ್ಯಾಪಾರಕ್ಕೂ ಇಂಗ್ಲಿಷಿನಲ್ಲಿ ಇದೇ ಮಾತು: ಯಂತ್ರವು ನಿಲಯವನ್ನು ‘ಪಿಕ್ ಅಪ್’ ಮಾಡುತ್ತದೆ. ನಾವು ‘ಸ್ಟೇಷನ್ ಹಿಡಿಯಿತು’ ಎನ್ನುತ್ತೇವೆ. ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿಯನ್ನು ಆರಂಭಿಸಿ ‘ಆಕಾಶವಾಣಿ’ ಎಂಬ ಹೆಸರು ಸಲ್ಲತೊಡಗಿದ ಮೇಲೆ, ನಮ್ಮ ಕಡೆಯ ಹಳ್ಳಿಗಳಿಗೂ ರೇಡಿಯೋ ಬಂದು, ತೆಂಗಿನ ಮರಕ್ಕೆ ತಂತಿ ಬಿಗಿದು ಕಿವಿ ತಿರುಚುತ್ತಿದ್ದ ದಿನಗಳಲ್ಲಿ, ಗೊರಗೊರ ಸದ್ದಿನ ನಡುವೆ ಒಂದು ಸ್ವರ ಸಿಕ್ಕೊಡನೆ ಮಕ್ಕಳೆಲ್ಲ ಕೂಗುತ್ತಿದ್ದುದು "ಹಿಡೀತು, ಹಿಡೀತು" ಎಂದೇ, ಮೀನು ಸಿಕ್ಕಂತೆ.

ಸಂಸ್ಕೃತವನ್ನು ಓದಿದವರಿಗೆ ಈ ಇಡೀ ಪ್ರಪಂಚವು ಹೊಸದೇನೂ ಅಲ್ಲ. ಇಪ್ಪತ್ತೆರಡು ಉಪಸರ್ಗಗಳು ಧಾತುವಿನ ಮುಂದೆ ಬಂದು ನಿಂತು ಅದರ ಅರ್ಥವನ್ನು ಬಲಾತ್ಕಾರವಾಗಿ ಬೇರೆಡೆಗೆ ಎಳೆದೊಯ್ಯುತ್ತವೆಂಬುದಕ್ಕೆ ‘ಹೃ’ ಎಂಬ ಒಂದು ಧಾತುವೇ ಸಾಕ್ಷಿ: ಆಹಾರ, ವಿಹಾರ, ಪ್ರಹಾರ, ಪರಿಹಾರ, ಸಂಹಾರ. ಊಟಕ್ಕೂ ಹೊಡೆತಕ್ಕೂ ಒಂದೇ ಬೇರು! ಉಪಸರ್ಗವು ಮುಂದೆ ಅಂಟಿತು, ಇಂಗ್ಲಿಷಿನ ತುಣುಕು ಹಿಂದೆ ನಿಂತಿತು, ಇಷ್ಟೇ ಭೇದ. ಅದೂ ವೇದಭಾಷೆಯಲ್ಲಿ ಉಪಸರ್ಗಕ್ಕೆ ಧಾತುವನ್ನು ಬಿಟ್ಟು ದೂರ ನಿಲ್ಲುವ ಸ್ವಾತಂತ್ರ್ಯವಿದ್ದುದನ್ನು ನೆನೆದರೆ ಆ ಭೇದವೂ ತೆಳುವಾಗುತ್ತದೆ. ಒಂದು ರಾತ್ರಿ ಈ ಉಪಸರ್ಗಗಳನ್ನು ನೆನಪಿನಿಂದ ಎಣಿಸುತ್ತಿರುವಾಗ ‘ಉತ್’ ಎಂಬುದಕ್ಕೆ ಬಂದೆನು. ‘ಉತ್’ ಎಂದರೆ ಮೇಲೆ, ಇಂಗ್ಲಿಷಿನ ‘ಅಪ್’ ಎಂಬುದೇ. ಅದು ‘ಹೃ’ ಧಾತುವಿಗೆ ಸೇರಿದರೆ, ಕೆಳಗಿದ್ದುದನ್ನು ಮೇಲಕ್ಕೆತ್ತಿ ತೆಗೆದುಕೊಳ್ಳುವುದು, ಅಂದರೆ ‘ಪಿಕ್ ಅಪ್’ಗೆ ನೇರವಾದ ಸಂಸ್ಕೃತ: ಉದ್ಧಾರ. ನೆರೆಮನೆಯ ಯಜಮಾನರು ಜಗಲಿಯ ಕಂಬಕ್ಕೆ ಒರಗಿ ನನಗೆ ಹೇಳಿದ್ದ ಮಾತು! ಇಂಗ್ಲಿಷು ಬಲ್ಲವನೆಂಬ ಕೀರ್ತಿಯಿದ್ದ ನನಗೆ ಸಿಕ್ಕದ ಶಬ್ದವು ಅಕ್ಷರ ಬಾರದ ಅವರ ಬಾಯಿಂದ ಸಿಟ್ಟಿನ ಭರದಲ್ಲಿ ಉರುಳಿ ಬಿದ್ದಿತ್ತು. ಆಯ್ದುಕೊಳ್ಳುವುದಕ್ಕೆ ನನಗೆ ಇಷ್ಟು ವರ್ಷ ಹಿಡಿಯಿತು.

ಕಷ್ಟವು ನಮ್ಮೊಬ್ಬರದೇ ಎಂದು ಯಾರೂ ಕೊರಗಬೇಕಾಗಿಲ್ಲ. ಇಂಗ್ಲೆಂಡಿನ ಸಿ. ಕೆ. ಆಗ್ಡೆನ್ ಎಂಬುವರು 1930ರಲ್ಲಿ ‘ಬೇಸಿಕ್ ಇಂಗ್ಲಿಷ್’ ಎಂಬುದನ್ನು ಹೊರತಂದು, 850 ಶಬ್ದಗಳಲ್ಲಿ ಲೋಕವ್ಯವಹಾರವನ್ನೆಲ್ಲ ಹೇಳಬಹುದೆಂದೂ ಅವುಗಳಲ್ಲಿ ಕ್ರಿಯಾಪದಗಳು ಹದಿನೆಂಟೇ ಸಾಕೆಂದೂ ಸಾರಿದರು. ಅವರ ಮಿತ್ರರೂ ಕಾವ್ಯಮೀಮಾಂಸಕರೂ ಆದ ಐ. ಎ. ರಿಚರ್ಡ್ಸ್ ಅವರು ಪೀಕಿಂಗಿನ ತ್ಸಿಂಗ್‌ಹುವಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ್ದವರು. ಅವರು ಈ ಕಿರಿಯ ಇಂಗ್ಲಿಷನ್ನು ಚೀನೀ ವಿದ್ಯಾರ್ಥಿಗಳಿಗೆ ಮುಟ್ಟಿಸಲು ಬಹಳ ಶ್ರಮಿಸಿದರು. ಆದರೆ ಹದಿನೆಂಟು ಕ್ರಿಯಾಪದಗಳಿಂದ ಲೋಕವನ್ನೆಲ್ಲ ನಡೆಸಬೇಕಾದರೆ ಪ್ರತಿಯೊಂದಕ್ಕೂ ‘ಅಪ್, ಆಫ್, ಔಟ್, ಡೌನ್’ಗಳ ಬಾಲ ಕಟ್ಟಿಯೇ ನಡೆಸಬೇಕಷ್ಟೆ? ಶಬ್ದಗಳ ಸಂಖ್ಯೆ ಇಳಿಯಿತು, ತೊಡಕು ಗಂಟು ಕಟ್ಟಿ ಒಂದೆಡೆ ಕುಳಿತಿತು. ಸಾವಿರ ಕಾಯಿಯನ್ನು ಒಂದೇ ಚೀಲಕ್ಕೆ ತುಂಬಿದ ಮಾತ್ರಕ್ಕೆ ಹೊರೆ ಹಗುರವಾಗುವುದಿಲ್ಲವೆಂಬುದನ್ನು ನಮ್ಮ ಮಂಡಿಯ ಹಮಾಲಿಯಾದರೂ ಆ ಪಂಡಿತರಿಗೆ ಹೇಳಬಹುದಾಗಿತ್ತು.

ಚೀನೀ ಭಾಷೆಯವನಿಗೆ ನಮಗಿಲ್ಲದ ಒಂದು ಅನುಕೂಲ ಉಂಟೆಂಬುದೂ ನಿಜ. ಅವನ ಭಾಷೆಯಲ್ಲಿ ಕ್ರಿಯಾಪದದ ಹಿಂದೆ ‘ಚಿಲಾಯ್’ ಎಂಬ ತುಣುಕೊಂದು ಸೇರುತ್ತದೆ; ‘ಏಳು’, ‘ಬಾ’ ಎಂಬ ಎರಡು ಧಾತುಗಳು ಕೂಡಿ ಆದದ್ದು ಅದು. ನೆಲದ ಮೇಲಿನ ವಸ್ತುವನ್ನು ಎತ್ತಿಕೊಂಡನು ಎನ್ನುವಾಗಲೂ ‘ಚಿಲಾಯ್’. ಕಾಯಿಲೆಯವನು ಚೇತರಿಸಿಕೊಂಡನು ಎನ್ನುವಾಗಲೂ ‘ಒಳ್ಳೆಯದು’ ಎಂಬ ಶಬ್ದಕ್ಕೆ ಅದೇ ‘ಚಿಲಾಯ್’. ಏಳುವ ಭಾವದಿಂದಲೇ ಅವನು ಗುಣವಾಗುವ ಭಾವಕ್ಕೆ ದಾಟುತ್ತಾನೆ, ಇಂಗ್ಲಿಷಿನವನಂತೆಯೇ. ಅತಿಥಿಯನ್ನು ಸ್ಟೇಷನ್ನಿನಿಂದ ಕರೆತರುವುದಕ್ಕೆ ಮಾತ್ರ ಅವನ ಬಳಿ ಬೇರೆಯೇ ಒಂದು ಕ್ರಿಯಾಪದವುಂಟು. ಆ ಎಡೆಯಲ್ಲಿ ಅವನೂ ನನ್ನಂತೆಯೇ ಎಡವಿಯಾನು. ನಾವು ಮೂವರೂ ಒಂದು ತೋಟದ ಮೂರು ಬೇಲಿಗಳಿಂದ ಒಳಗೆ ಬಂದವರು: ಇಂಗ್ಲಿಷಿನವನು ‘ಮೇಲೆ’ ಎಂಬ ದಿಕ್ಕಿನಿಂದ, ಚೀನೀಯನು ‘ಎದ್ದು ಬರು’ವ ಚಲನೆಯಿಂದ, ಕನ್ನಡಿಗನು ‘ಕೊಳ್ಳು’ವ ಕೈಯಿಂದ.

ಇನ್ನೊಂದು ತೊಡಕಿದೆ, ಅದು ಅರ್ಥದ್ದಲ್ಲ, ಸ್ಥಾನದ್ದು. ಇಂಗ್ಲಿಷಿನ ‘ಅಪ್’ ಒಂದೆಡೆ ನಿಲ್ಲುವ ಪ್ರಾಣಿಯಲ್ಲ. ‘ಪಿಕ್ ಅಪ್ ದ ನಟ್’ ಎಂದರೂ ಸರಿ, ‘ಪಿಕ್ ದ ನಟ್ ಅಪ್’ ಎಂದರೂ ಸರಿ. ಆದರೆ ಕಾಯಿಯ ಹೆಸರು ಹೇಳದೆ ‘ಅದು’ ಎಂಬ ಸರ್ವನಾಮ ಹಾಕಿದಿರೋ, ಆ ಸರ್ವನಾಮವು ನಡುವೆಯೇ ನಿಲ್ಲಬೇಕು: ‘ಪಿಕ್ ಇಟ್ ಅಪ್’. ‘ಪಿಕ್ ಅಪ್ ಇಟ್’ ಎಂದರೆ ಇಂಗ್ಲಿಷಿನವನ ಕಿವಿಗೆ ಕಲ್ಲು ಕಚ್ಚಿದಂತಾಗುತ್ತದೆ. ನಮ್ಮ ಮಕ್ಕಳು ಹೆಚ್ಚಾಗಿ ಸೋಲುವುದು ಇಲ್ಲಿಯೇ. ಅದಕ್ಕೆ ಅವರನ್ನು ಬಯ್ಯಲಾಗದು, ಏಕೆಂದರೆ ನಮ್ಮ ‘ಕೊ’ ತನ್ನ ಧಾತುವಿನ ಬೆನ್ನನ್ನು ಬಿಟ್ಟು ಕರ್ಮಪದಕ್ಕೆ ದಾರಿ ಕೊಡುವುದೇ ಇಲ್ಲ. ‘ಕಾಯಿಯನ್ನು ಎತ್ತಿಕೊಂಡನು’ ಎಂಬುದನ್ನು ಇಂಗ್ಲಿಷಿನ ಧಾಟಿಯಲ್ಲಿ ಬಿಡಿಸಿ ‘ಎತ್ತಿ ಕಾಯಿಯನ್ನು ಕೊಂಡನು’ ಎಂದು ನೋಡಿ: ಅವನು ಏನನ್ನೋ ಎತ್ತಿಟ್ಟು, ಆಮೇಲೆ ದುಡ್ಡು ಕೊಟ್ಟು ಕಾಯಿ ಖರೀದಿ ಮಾಡಿದಂತಾಯಿತು. ಬೆನ್ನಿನಿಂದ ಇಳಿದೊಡನೆ ‘ಕೊಳ್ಳು’ ತನ್ನ ಹಳೆಯ ಅಂಗಡಿಗೆ ಓಡಿಹೋಗುತ್ತದೆ. ಈ ಉದಾಹರಣೆಯನ್ನು ಹೇಳಿದ ವರ್ಷ ನನ್ನ ತರಗತಿಯಲ್ಲಿ ‘ಪಿಕ್ ಅಪ್ ಇಟ್’ ಎಂದು ಬರೆದವರು ಬಹಳ ಕಡಿಮೆ.

ಉಚ್ಚಾರಣೆಯ ವಿಷಯವನ್ನು ಒಂದು ಮಾತಿನಲ್ಲಿ ಮುಗಿಸುತ್ತೇನೆ. ಕ್ರಿಯೆಯಾಗಿರುವಾಗ ಇಂಗ್ಲಿಷಿನವನು ‘ಅಪ್’ ಎಂಬುದನ್ನು ಒತ್ತಿ ನುಡಿಯುತ್ತಾನೆ. ಅದೇ ನಾಮಪದವಾದಾಗ ಒತ್ತು ಹಿಂದಕ್ಕೆ ಸರಿದು ‘ಪಿಕ್’ ಎಂಬುದರ ಮೇಲೆ ಬೀಳುತ್ತದೆ. ಕನ್ನಡಕ್ಕೆ ಬಂದು ಮನೆಮಾಡಿರುವುದು ಈ ನಾಮಪದವೇ. ಹಳೆಯ ಗ್ರಾಮಫೋನಿನ ಮುಳ್ಳು ಹಿಡಿದ ತಲೆಯು ‘ಪಿಕಪ್’. ಮೇಲಿನ ಕೆರೆಯಿಂದ ಹರಿದುಬಂದ ನೀರನ್ನು ತಡೆದು ಕಾಲುವೆಗೆ ತಿರುಗಿಸುವ ಕಿರಿಯ ಅಣೆಯನ್ನು ನಮ್ಮ ಇಂಜಿನಿಯರರು ‘ಪಿಕಪ್’ ಎಂದರು, ರೈತರೂ ‘ಪಿಕಪ್ಪಿನ ನೀರು’ ಎಂದರು. ಏರಿನಲ್ಲಿ ಏದುಸಿರು ಬಿಡುವ ಮೋಟಾರಿಗೆ ‘ಪಿಕಪ್ ಇಲ್ಲ’. ಕೊಬ್ಬರಿ ಚೀಲ ಹೇರುವ ಸಣ್ಣ ಲಾರಿಯೂ ‘ಪಿಕಪ್’. ಬೆರಗೇನೆಂದರೆ, ‘ಅಪ್’ ಎಂಬುದು ಹೀಗೆ ಹೊಟ್ಟೆಯೊಳಗೇ ಇದ್ದರೂ ಕನ್ನಡಿಗನಿಗೆ ಅದು ಸಾಲದು. "ಹೋಗ್ತಾ ನನ್ನನ್ನೂ ಪಿಕಪ್ ಮಾಡ್ಕೊ" ಎನ್ನುತ್ತಾನೆ. ನಾಟಕದವಳು ‘ಮೇಕಪ್ ಮಾಡಿಕೊಂಡಳು’, ಊರ ಧಣಿಯು ‘ಬಿಲ್ಡಪ್ ಕೊಟ್ಟುಕೊಂಡನು’. ಒಳಗೆ ಒಂದು ‘ಅಪ್’, ಹೊರಗೆ ಒಂದು ‘ಕೊ’. ಭಾಷೆಯು ತನ್ನ ಅಗತ್ಯವನ್ನು ಎರವಲು ವಸ್ತುವಿನಿಂದ ತೀರಿಸಿಕೊಳ್ಳುವುದಿಲ್ಲ. ಎರವಲು ಬಂದುದಕ್ಕೂ ತನ್ನ ಹಿಡಿಯನ್ನೇ ಹಾಕುತ್ತದೆ.

ಭಾಷೆಯನ್ನು ಕಲಿಯುವ ಎರಡು ಬಗೆಗೂ ತೋಟದ ಈ ಎರಡು ಕೆಲಸಗಳೇ ನನಗೆ ನೆನಪಾಗುತ್ತವೆ. ನಮ್ಮ ಕಡೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಒಂದು ವರ್ಷಕ್ಕೆ ಹತ್ತಿರ ಬಿಟ್ಟು, ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಲೊಡಲೊಡ ಎನ್ನುವವರೆಗೆ ಕಾಯ್ದು, ಆಮೇಲೆ ಸುಲಿದು, ಚಿಪ್ಪನ್ನು ಹದವಾಗಿ ಒಡೆದು ಉಂಡೆ ಕೊಬ್ಬರಿಯನ್ನು ತೆಗೆಯುತ್ತಾರಷ್ಟೆ. ಆ ಉಂಡೆಯನ್ನು ಕೊಳ್ಳಲು ಉತ್ತರದ ವ್ಯಾಪಾರಿಗಳು ತಿಪಟೂರಿಗೆ ಬರುತ್ತಾರೆ. ಅವರ ಚೀಲ ಹೊರುವ ಆಳು ಶಾಲೆಯ ಮುಖ ನೋಡದೆಯೇ ಎರಡು ವರ್ಷದಲ್ಲಿ ಹಿಂದಿಯನ್ನು ‘ಪಿಕ್ ಅಪ್’ ಮಾಡುತ್ತಾನೆ. ಅವನದು ಬಿದ್ದದ್ದನ್ನು ಆಯುವ ವಿದ್ಯೆ. ಲಿಂಗ ವಚನಗಳು ತಪ್ಪಿದರೂ ಚೌಕಾಸಿಯಲ್ಲಿ ಅವನು ಸೋಲನು. ನಾವು ಮೇಷ್ಟರು ಕಲಿಸುವುದು ಮರ ಹತ್ತಿ ಕೀಳುವ ವಿದ್ಯೆ. ಎರಡರಲ್ಲಿ ಯಾವುದು ಮೇಲೆಂದು ಕೇಳುವವರಿಗೆ ನಾನು ಉತ್ತರ ಹೇಳಲಾರೆ. ಈ ಸೀಮೆಯ ಇಬ್ಬರು ಶ್ರೀಕಂಠಯ್ಯನವರನ್ನು ತೋರಿಸಬಲ್ಲೆ.

ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು ಮೈಸೂರಿನ ಮಹಾರಾಜರ ಕಾಲೇಜಿನಲ್ಲಿ ಇಂಗ್ಲಿಷು ಪ್ರಾಧ್ಯಾಪಕರಾಗಿದ್ದು, ಆ ಸಾಹಿತ್ಯದ ತೋಟದಿಂದ ಹಣ್ಣಾದುದನ್ನೇ ನೋಡಿ ಕಿತ್ತು ‘ಇಂಗ್ಲಿಷ್ ಗೀತಗಳು’ ಎಂಬ ಬುಟ್ಟಿಯಲ್ಲಿ ಕನ್ನಡಿಗರಿಗೆ ತಂದಿತ್ತರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರಾದ, 1906ರಲ್ಲಿ ಜನಿಸಿದ ತೀ. ನಂ. ಶ್ರೀಕಂಠಯ್ಯನವರು ನಮ್ಮ ಬಾಯಿಂದ ಉದುರಿ ಬಿದ್ದಿದ್ದ ರೂಪಗಳನ್ನು ಒಂದೊಂದಾಗಿ ಆಯ್ದು, ‘ಕನ್ನಡ ಮಧ್ಯಮ ವ್ಯಾಕರಣ’ದಲ್ಲಿ ಒಪ್ಪವಾಗಿ ಜೋಡಿಸಿಟ್ಟರು. ಸಂವಿಧಾನಕ್ಕೆ ಬೇಕಾದ ಪಾರಿಭಾಷಿಕ ಶಬ್ದಗಳನ್ನು ಗೊತ್ತುಪಡಿಸುವಾಗ ‘ರಾಷ್ಟ್ರಪತಿ’ ಎಂಬುದನ್ನು ಸೂಚಿಸಿದವರೂ ಅವರೇ ಎಂಬುದು ಪ್ರಸಿದ್ಧವಾಗಿದೆ. ಸಂಪಿಗೆಯ ಹೆಸರು ಇಂದಿಗೂ ‘ಸಂಪಿಗೆ ರೋಡ್’ ಎಂದು ಒಂದು ಸಣ್ಣ ರೈಲ್ವೆ ಸ್ಟೇಷನ್ನಿನ ಹಲಗೆಯ ಮೇಲಿದೆ. ರೈಲು ಅಲ್ಲಿ ಒಂದು ನಿಮಿಷ ನಿಂತು, ನಾಲ್ಕೈದು ಜನರನ್ನು ಹತ್ತಿಸಿಕೊಂಡು ಮುಂದೆ ಹೋಗುವಾಗಲೆಲ್ಲ, ಆ ಕ್ರಿಯೆಗೆ ಇಂಗ್ಲಿಷಿನಲ್ಲಿ ಯಾವ ಮಾತೆಂಬುದು ನನಗೆ ಬೇಡವೆಂದರೂ ನೆನಪಾಗುತ್ತದೆ.

ನಾನು ಮೇಷ್ಟರಾಗಿ ಊರಿಗೆ ಮರಳಿದ ಬಹಳ ವರ್ಷಗಳ ಮೇಲೆ, ನೆರೆಮನೆಯ ಯಜಮಾನರು, ಆ ಹೊತ್ತಿಗೆ ಹಣ್ಣುಹಣ್ಣು ಮುದುಕರು, ತಮ್ಮ ಅಟ್ಟದ ಕೆಳಗೆ ಕೊಬ್ಬರಿ ಸುಲಿಸುತ್ತ ಕುಳಿತಿದ್ದವರು ನನ್ನನ್ನು ಕಂಡು ಕರೆದರು. ಅವರ ಮಗ ಆ ವೇಳೆಗೆ ಬೇರೊಂದು ಊರಿನಲ್ಲಿ ನೌಕರಿ ಹಿಡಿದು ನಿವೃತ್ತಿಗೂ ಹತ್ತಿರವಾಗಿದ್ದನು.

"ಅಲ್ಲಯ್ಯ ಮೇಷ್ಟ್ರೇ, ಆವತ್ತಿನ ಆ ಮಾತಿಗೆ ಈಗ ಹುಡುಗರಿಗೆ ಏನಂತ ಅರ್ಥ ಹೇಳ್ಕೊಡ್ತೀಯ?"

"ಗಾಡಿಗೆ ಹತ್ತಿಸಿಕೊಂಡು ಬರೋದು ಅಂತ, ಯಜಮಾನ್ರೇ."

ಅವರು ಕೈಯಲ್ಲಿದ್ದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ ನೋಡಿ, ಅದನ್ನು ಸುಲಿಯುವವನ ಕಡೆಗೆ ಉರುಳಿಸಿದರು.

"ಅವತ್ತೇ ಹಂಗಂದಿದ್ರೆ ಎರಡು ಸೇರು ಬೆಲ್ಲ ಉಳೀತಿತ್ತು."